ದೊಡ್ಡಪ್ಪ ಕಳಿಸಿದ ಗ್ರೀಕ್ ಚಿತ್ರ

ದೊಡ್ಡಪ್ಪ: (ಚಿತ್ರ: ‘ಪ್ರಾಚೀನ ಗ್ರೀಕಿನಲ್ಲಿ ಊರಿನ ಹೆಸರಿಗೆ ‘ಇಯೋಸ್’ ಅಂಟಿಸಿದರೆ ಊರಿನವನು ಸಿದ್ಧ. ಕೊರಿಂಥೋಸ್, ಕೊರಿಂಥಿಯೋಸ್.’) ನಮ್ಮ ‘ಮೈಸೂರಿನವನು’ ಇದ್ದ ಹಾಗೆಯೇ. ಎಷ್ಟು ಸರಳ ನೋಡಿ!

ಪುಟ್ಟಿ: ಅಷ್ಟು ಸರಳವಿಲ್ಲ ದೊಡ್ಡಪ್ಪ. ಮಿಲೇತೋಸ್‌ನವನು ಮಿಲೇಸಿಯೋಸ್, ಅಲ್ಲಿ ‘ಇ’ಕಾರದ ಮುಂದೆ ‘ತ’ಕಾರವೇ ‘ಸ’ಕಾರವಾಗಿದೆ. ಮೆಗರದವನು ಮೆಗರೆವುಸ್, ಸ್ಪಾರ್ಟಾದವನು ಸ್ಪಾರ್ತಿಯಾತೇಸ್. ಇಯೋಸ್ ಎಲ್ಲಿ ಹೋಯಿತು?

ದೊಡ್ಡಪ್ಪ: ಅಪವಾದ ಇಲ್ಲದ ಭಾಷೆ ಯಾವುದಮ್ಮ? ನಿವೃತ್ತನಾಗುವವರೆಗೂ ವ್ಯಾಕರಣವನ್ನೇ ಪಾಠ ಮಾಡಿದ್ದೇನೆ.

ಚಿಕ್ಕಮ್ಮ: ಚಿತ್ರದಲ್ಲಿ ಊರಿನವನು ಇದ್ದಾನೆ. ಊರಿನವಳು?

ಪುಟ್ಟಿ: ಅದನ್ನೇ ಹೇಳಬೇಕೆಂದಿದ್ದೆ ಚಿಕ್ಕಮ್ಮ. ಸ್ಪಾರ್ಟಾ ಇರುವ ಲಾಕೋನಿಯಾ ನಾಡಿನ ಗಂಡಸು ಲಾಕೋನ್, ಹೆಂಗಸು ಲಾಕೈನ. ಕ್ರೀಟ್‌ನವನು ಕ್ರೇಸ್, ಅವಳು ಕ್ರೇಸ್ಸ. ಅಥೆನ್ಸಿನವಳದ್ದೇ ಪೇಚು: ಅಥೇನಾಯ ಎಂದರೆ ದೇವಿಯ ಹೆಸರೂ ಆಗುತ್ತದೆ. ಅದಕ್ಕೇ ‘ಅತ್ತಿಕೇ’, ಅಂದರೆ ಅಥೆನ್ಸ್ ಇರುವ ಅತ್ತಿಕಾ ನಾಡಿನವಳು, ಎಂದೂ ಕರೆಯುತ್ತಿದ್ದರು.

ಅತ್ತೆ: ಅತ್ತಿಗೆಯೇ? 😄 ಅದಿರಲಿ, ಭಾನುವಾರದ ಪೂಜೆಗೆ ಎಷ್ಟು ಜನ ಎಂದು ಬೆಳಿಗ್ಗೆಯೇ ಕೇಳಿದ್ದೆ.

ಹರೀಶ: ಕೊಡಗಿನಲ್ಲಿ ಹುಟ್ಟಿದವರೆಲ್ಲ ಕೊಡವರಲ್ಲವಲ್ಲ, ಅಂಥದ್ದು ಗ್ರೀಕಿನಲ್ಲಿ ಇದೆಯೇ?

ಪುಟ್ಟಿ: ಇದೆ ಹರೀಶಣ್ಣ! ಸಿಸಿಲಿಯಲ್ಲಿ ಗ್ರೀಕರಿಗಿಂತ ಮೊದಲೇ ಇದ್ದ ಒಂದು ಜನಾಂಗದವನು ಸಿಕೆಲೋಸ್. ಆಮೇಲೆ ಬಂದು ನೆಲೆಸಿದ ಗ್ರೀಕನು ಸಿಕೆಲಿಯೋತೇಸ್. ದ್ವೀಪ ಒಂದೇ. ಸ್ಪಾರ್ಟಾದಲ್ಲಿ ಇನ್ನೂ ಬಿಗಿ: ಪೂರ್ಣ ಪೌರನಷ್ಟೇ ಸ್ಪಾರ್ತಿಯಾತೇಸ್. ಸುತ್ತಲಿನ ಊರುಗಳ ‘ಪೆರಿಯೋಯ್ಕೊಯ್’ ಯುದ್ಧಕ್ಕೆ ಬೇಕು, ಲಾಕೆದಾಯ್ಮೋನಿಯೋಸ್ (ಸ್ಪಾರ್ಟಾ ರಾಜ್ಯದವನು) ಎನ್ನಿಸಿಕೊಳ್ಳಬಹುದು, ಆದರೆ ಸ್ಪಾರ್ತಿಯಾತೇಸ್ ಆಗಲಾರರು. ‘ಇಯೋಸ್ ಅಂಟಿಸಿ’ ಎಂದು ಬರೆದವರಿಗೆ ಇದು ಗೊತ್ತಿಲ್ಲ.

ದೊಡ್ಡಪ್ಪ: ಸರಿ, ಗ್ರೀಕನಿಗೆ ನಾವು ಹೇಳುವ ‘ಯವನ’ ಯಾವ ಊರಿನವನು?

ಪುಟ್ಟಿ: ಯಾವ ಊರಿನವನೂ ಅಲ್ಲ. ಅಲ್ಲಿ ಜನರ ಹೆಸರೇ ಮೊದಲು: ಇಯೋನ್, ಹಳೆಯ ರೂಪ ಇಯಾವೋನ್. ನಾಡು ಇಯೋನಿಯಾ ಆದದ್ದು ಅವರಿಂದ. ಪಾರಸಿಕರ ಬಾಯಲ್ಲಿ ಅದು ಯೌನ, ಅಶೋಕನ ಶಾಸನದಲ್ಲಿ ಯೋನ.

ದೊಡ್ಡಪ್ಪ: ಪಾಣಿನಿಯ ‘ಯವನಾನೀ’ ಬಿಟ್ಟೆಯಲ್ಲ! ಯವನರ ಹೆಂಗಸು ಎಂದುಕೊಳ್ಳಬೇಡ. ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದ ಕಾತ್ಯಾಯನರು ಅದನ್ನು ಯವನರ ಲಿಪಿಗೆ ಹೇಳಿದ್ದಾರೆ.

ಪುಟ್ಟಿ: ಇದು ನನಗೆ ತಿಳಿದಿರಲಿಲ್ಲ ದೊಡ್ಡಪ್ಪ. 🙏

ಚಿಕ್ಕಮ್ಮ: ಹಾಗಾದರೆ ಚಿತ್ರ ಅಳಿಸಿಬಿಡಿ ಭಾವ.

ದೊಡ್ಡಪ್ಪ: ಏಕೆ? ಕೊರಿಂಥೋಸ್‌ನ ಮಟ್ಟಿಗೆ ಸರಿಯಾಗಿಯೇ ಇದೆ.

ಅತ್ತೆ: ಯವನರನ್ನು ಬಿಟ್ಟು ಹತ್ತು ಎಲೆ ಎಂದು ಬರೆದುಕೊಂಡಿದ್ದೇನೆ.