ಪದಚರ್ಚೆ: ‘ಬೆನಿಫಿಸ್’ಗೆ ‘ಮಾಗಣೆ’ ಅಂದರೆ ನಡೆಯುತ್ತಾ?

ಬಳಗದವರಿಗೆ ನಮಸ್ಕಾರ.

ಇಂಗ್ಲೆಂಡಿನ ಕೆಂಟ್ ಕೌಂಟಿಯ ರಾಮ್ನಿ ಮಾರ್ಷ್ ಅನ್ನುವ ತಗ್ಗು ಸೀಮೆಯ ಹಳ್ಳಿ ಚರ್ಚುಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಮುಗಿದಿದೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ: ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ನೆಲ) ಮತ್ತು ಬೆನಿಫಿಸ್ (ಹಿಂದೆ ಪಾದ್ರಿಯ ಜೀವನಕ್ಕೆ ಬಿಟ್ಟ ಆದಾಯ, ಈಗ ಒಬ್ಬ ಪಾದ್ರಿಗೆ ವಹಿಸಿದ ಪ್ಯಾರಿಷ್‌ಗಳ ಗುಂಪಿಗೂ ಅದೇ ಹೆಸರು).

ಮೊದಲು ಜಾಗ ಹೇಳಿಬಿಡುತ್ತೇನೆ. ಇದು ಕಡಲಿನಿಂದ ಬಿಡಿಸಿಕೊಂಡು, ಏರಿ ಕಟ್ಟಿ ಕಾಪಾಡಿಕೊಂಡ ನೆಲ. ಕುರಿ ಜಾಸ್ತಿ, ಜನ ಕಡಿಮೆ. ಹಿಂದೆ ಮಲೇರಿಯಾ ಕಾಟವೂ ಇತ್ತು. ಫೇರ್‌ಫೀಲ್ಡ್ ಚರ್ಚಂತೂ ಊರೇ ಇಲ್ಲದ ಬಯಲಲ್ಲಿ, ಸುತ್ತ ನೀರಿನ ಕಾಲುವೆ, ನಡುವೆ ಒಂಟಿಯಾಗಿ ನಿಂತಿದೆ. ಅಲ್ಲಿಗೆ ಹೋಗಿದ್ದ ನನ್ನ ಅಕ್ಕ ಹೇಳಿದ್ದು: ಬೀಗದ ಕೈ ಹತ್ತಿರದ ಮನೆಯೊಂದರ ಹೊರಗೆ ತೂಗು ಹಾಕಿತ್ತಂತೆ. ತೆಗೆದುಕೊಂಡು ಹೋಗಿ, ನೋಡಿ, ವಾಪಸ್ ಅಲ್ಲೇ ಸಿಕ್ಕಿಸಿ ಬಂದಳು.

ಪಕ್ಕದ ಬ್ರೂಕ್‌ಲ್ಯಾಂಡ್ ಚರ್ಚಿನಲ್ಲಿ 12ನೇ ಶತಮಾನದ ಸೀಸದ ತೊಟ್ಟಿ ಇದೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ತೊಟ್ಟಿ. ಅದರ ಮೈ ಸುತ್ತ ಮೇಲಿನ ಸಾಲಿನಲ್ಲಿ ಹನ್ನೆರಡು ರಾಶಿ, ಕೆಳಗಿನ ಸಾಲಿನಲ್ಲಿ ಆಯಾ ತಿಂಗಳ ಕೆಲಸ. ಹುಲ್ಲು ಕೊಯ್ಯುವುದು, ಕಟಾವು, ಒಕ್ಕಣೆ, ಚಳಿಗಾಲಕ್ಕೆ ಹಂದಿ ಕಡಿಯುವುದು. ಈ ಭಾಗ ಕನ್ನಡಕ್ಕೆ ತಾನಾಗಿಯೇ ಬಂತು. ಮೇಷ, ವೃಷಭ, ಕಟಾವು, ಒಕ್ಕಣೆ, ಎಲ್ಲ ನಮ್ಮ ಬಾಯಲ್ಲೇ ಇರುವ ಮಾತು. ಎಂಟುನೂರು ವರ್ಷ ಹಳೆಯ ತೊಟ್ಟಿಗೆ ಪದ ಸಿಕ್ಕಿತು, ಚರ್ಚಿನ ಹೊರಗಿನ ಬೋರ್ಡಿನಲ್ಲಿರುವ ಪ್ಯಾರಿಷ್, ಬೆನಿಫಿಸ್‌ಗೆ ಸಿಗಲಿಲ್ಲ!

ಈಗ ಪ್ಯಾರಿಷ್. ನಮ್ಮಲ್ಲಿ ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿನ ಪಂಥದವರು) 1947ರಲ್ಲಿ ಮೆಥಡಿಸ್ಟರು ಮೊದಲಾದವರ ಜೊತೆ ಸೇರಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದರು. ಅವರ ಕನ್ನಡದಲ್ಲಿ ‘ಸಭೆ’, ‘ಸಭಾಪಾಲಕರು’ ಇದೆ. ಆದರೆ ಸಭೆ ಅಂದರೆ ಜನ. ಇಂಗ್ಲೆಂಡಿನ ಪ್ಯಾರಿಷ್ ಅಂದರೆ ನೆಲ, ಗಡಿ ಹಾಕಿದ ನೆಲ. ಆ ಗಡಿಯೊಳಗೆ ಮನೆ ಮಾಡಿದವರು ಚರ್ಚಿನ ಮೆಟ್ಟಿಲು ಹತ್ತದಿದ್ದರೂ ಅಲ್ಲಿ ಮದುವೆಯಾಗುವ ಹಕ್ಕು ಅವರಿಗಿದೆ. ಹಾಗಾಗಿ ‘ಸಭೆ’ ಒಗ್ಗುವುದಿಲ್ಲ. ಕನ್ನಡ ಕಥೊಲಿಕರ ‘ಧರ್ಮಕೇಂದ್ರ’ ಅರ್ಥದಲ್ಲಿ ಹತ್ತಿರ, ಆದರೆ ಅದನ್ನು ಓದಿದರೆ ನನ್ನ ಕಣ್ಣ ಮುಂದೆ ಒಂದು ಕಟ್ಟಡ ಬರುತ್ತದೆ, ಹೊಲ ಬರುವುದಿಲ್ಲ. ಮಂಗಳೂರಿನ ಕೊಂಕಣಿಯವರು ‘ಫಿರ್ಗಜ್’ ಅನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಒಳ್ಳೆಯ ಪದ, ಘಟ್ಟದ ಮೇಲಿನವರಿಗೆ ಗೊತ್ತಾಗಲ್ಲ. ‘ಸೀಮೆ’ ಅನ್ನೋಣವೆಂದರೆ ಸೀಮೆಎಣ್ಣೆ, ಸೀಮೆಹಸು ನೆನಪಾಗಿ ‘ವಿಲಾಯಿತಿ ಚರ್ಚು’ ಅಂತ ಓದಿಕೊಂಡಾರು. ಅದೂ ನಿಜವೇ ಅನ್ನಿ.

ಇನ್ನೊಂದು ಎಡವಟ್ಟು. ‘ಪ್ಯಾರಿಷ್ ಕೌನ್ಸಿಲ್’ ಅಂದರೆ ಚರ್ಚಿನದಲ್ಲ. 1894ರ ಕಾನೂನು ಊರಿನ ಆಡಳಿತವನ್ನು ಚರ್ಚಿನಿಂದ ಬೇರೆ ಮಾಡಿತು. ಅದು ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ. ಚರ್ಚಿನ ಸಮಿತಿಯ ಹೆಸರು ‘ಪರೋಕಿಯಲ್ ಚರ್ಚ್ ಕೌನ್ಸಿಲ್’. ನನ್ನ ಮೊದಲ ಕರಡಿನಲ್ಲಿ ಚರ್ಚಿನವರು ಬೀದಿ ದೀಪ ಹಾಕಿಸಿದ್ದರು. ಅಕ್ಕ ಓದಿ ನಕ್ಕಳು.

ಬೆನಿಫಿಸ್ ಇನ್ನೂ ತಲೆನೋವು. ಹಳೆಯ ಅರ್ಥದಲ್ಲಿ ಅದು ಪಕ್ಕಾ ನಮ್ಮ ಉಂಬಳಿ. ಪಾದ್ರಿಯ ಜೀವನಕ್ಕೆ ಬಿಟ್ಟ ಹೊಲ, ಜೊತೆಗೆ ಊರವರ ಬೆಳೆಯಲ್ಲಿ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು. ಕಾಳು, ಹುಲ್ಲು, ಮರದ ದೊಡ್ಡ ಪಾಲು ಪಡೆಯುವವನು ರೆಕ್ಟರ್. ಆ ಪಾಲು ಮಠಕ್ಕೋ ಇನ್ಯಾರಿಗೋ ಹೋಗುತ್ತಿದ್ದರೆ, ಅವರ ಬದಲಿಗೆ ಊರಲ್ಲಿದ್ದು ಸಣ್ಣ ಪಾಲಿನಲ್ಲಿ ಬದುಕುವವನು ವಿಕಾರ್. ವಿಕಾರ್ ಅನ್ನುವ ಪದದ ಅರ್ಥವೇ ‘ಬದಲಿಯವನು’. (ನಮ್ಮ ಕೊಂಕಣಿಯ ‘ವಿಗಾರ್’ ಅದೇ.) ಈಗ ದಶಮಾಂಶ ಇಲ್ಲ. ಉಳಿದಿದ್ದ ಹೊಲ 1978ರಲ್ಲಿ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ್ಯ) ಕೈಗೆ ಹೋಯಿತು. ಪದ ಮಾತ್ರ ಉಳಿಯಿತು. ಪಾದ್ರಿಗಳು ಕಡಿಮೆಯಾಗಿ ನಾಲ್ಕು, ಆರು, ಕೆಲವು ಕಡೆ ಹತ್ತಕ್ಕೂ ಹೆಚ್ಚು ಪ್ಯಾರಿಷ್‌ಗಳನ್ನು ಒಬ್ಬರಿಗೇ ವಹಿಸುತ್ತಾರೆ. ಆ ಗುಂಪಿಗೂ ಬೆನಿಫಿಸ್ ಅಂತಲೇ ಹೆಸರು. ಇಂಥ ಕಡೆ ಮೊದಲ ಭಾನುವಾರ ಒಂದು ಊರಲ್ಲಿ ಆರಾಧನೆ, ಎರಡನೆಯದು ಇನ್ನೊಂದರಲ್ಲಿ, ಹೀಗೆ ಪಾಳಿ. ಇದಕ್ಕೆ ‘ಉಂಬಳಿ’ ಅಂದರೆ ಓದುಗರು ಇಲ್ಲದ ಹೊಲ ಹುಡುಕುತ್ತಾರೆ.

ನನಗೆ ಹೊಳೆದದ್ದು ‘ಮಾಗಣೆ’. ನಾನು ಪುತ್ತೂರು ಕಡೆಯವನು. ನಮ್ಮಲ್ಲಿ ಕೆಲವು ಗ್ರಾಮ ಸೇರಿ ಒಂದು ಮಾಗಣೆ, ಅದಕ್ಕೊಂದು ದೇವಸ್ಥಾನ. ನೆಲವೂ ಇದೆ, ದೇವರೂ ಇದೆ, ಊರುಗಳ ಗುಂಪೂ ಇದೆ. ‘ಹೋಬಳಿ’ಗಿಂತ ಎಷ್ಟೋ ವಾಸಿ, ಹೋಬಳಿ ಅಂದರೆ ನಾಡಕಚೇರಿಯ ಕ್ಯೂ ನೆನಪಾಗುತ್ತದೆ. ಹಾಗೇ ಚರ್ಚಿನ ವ್ಯವಹಾರ ನೋಡಿಕೊಳ್ಳಲು ಊರವರಲ್ಲೇ ವರ್ಷವರ್ಷ ಆರಿಸುವ ಚರ್ಚ್‌ವಾರ್ಡನ್‌ಗೆ ‘ಮೊಕ್ತೇಸರ’ ಅಂದಿದ್ದೇನೆ. ಅದು ಸರಿ ಕೂತಿದೆ ಅಂತ ನನ್ನ ನಂಬಿಕೆ.

ಆದರೆ ಮಾಗಣೆಯಲ್ಲೊಂದು ತೊಡಕಿದೆ. ಮಾಗಣೆಯ ಊರುಗಳಿಗೆ ಗುಡಿ ಒಂದು. ಬೆನಿಫಿಸ್‌ನಲ್ಲಿ ಗುಡಿ ಊರಿಗೊಂದು, ಅರ್ಚಕರು ಮಾತ್ರ ಒಬ್ಬರು. ಅಂದರೆ ಉಲ್ಟಾ ಅಲ್ವಾ? ಇದಕ್ಕಾಗಿ ‘ಕೂಡುಸೀಮೆ’ ಅಂತ ಸುಮ್ನೆ ಒಂದು ಪದ ಕಟ್ಟಿ ನೋಡಿದೆ. ಜೋರಾಗಿ ಓದಿದರೆ ಸರ್ವೆ ಇಲಾಖೆಯ ಪದದ ಹಾಗೆ ಕೇಳಿಸುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಮೈಸೂರು, ಹಾಸನ, ಧಾರವಾಡ ಕಡೆಯ ಸಭೆಗಳವರು ಈ ಬಳಗದಲ್ಲಿದ್ದರೆ, ಒಬ್ಬರೇ ಸಭಾಪಾಲಕರು ನಾಲ್ಕಾರು ಊರು ನೋಡಿಕೊಳ್ಳುವಾಗ ಆ ಊರುಗಳನ್ನು ಒಟ್ಟಾಗಿ ಏನೆಂದು ಕರೆಯುತ್ತೀರಿ? ಪುಸ್ತಕದ ಪದ ಬೇಡ, ಮನೆಯಲ್ಲಿ ಆಡುವ ಪದ ಹೇಳಿ. ಮತ್ತೆ, ಮಾಗಣೆ ಅನ್ನುವುದು ಕರಾವಳಿಯ ಆಚೆ ಯಾರಿಗಾದರೂ ಅರ್ಥವಾಗುತ್ತದೆಯೇ? ಅಲ್ಲಿಯವರೆಗೆ ಕರಡಿನಲ್ಲಿ ‘ಪ್ಯಾರಿಷ್’ ಹಾಗೇ ಇದೆ, ಬೆನಿಫಿಸ್ ಇದ್ದ ಕಡೆಯೆಲ್ಲ ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ.