ಅವ್ವನನ್ನು ಕರೆದುಕೊಂಡು ಶ್ರೀಲಂಕಾಕ್ಕೆ: ಎಂಟು ದಿನದಲ್ಲಿ ಯಾವ ಗುಡ್ಡ, ಯಾವ ಕಾಡು?

ಗದಗ, ಬೆಟಗೇರಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಫೆಬ್ರುವರಿಯಲ್ಲಿ ನಾನು, ನನ್ನ ತಂಗಿ, ಅವ್ವ ಮೂವರೂ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಕೈಯಲ್ಲಿ ಎಂಟು ದಿನ ಇದೆ. ಅವ್ವನಿಗೆ 66 ವರ್ಷ, ಮೊಣಕಾಲು ನೋವು. ಸಪಾಟು ದಾರಿ ಇದ್ದರೆ ಎರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತಾಳೆ. ಅಂಗಡಿ, ಮಾಲ್, ದೊಡ್ಡ ಊರು ನಮಗೆ ಬೇಡ. ಗುಡ್ಡ, ಕಾಡು, ನೀರು ನೋಡಬೇಕು. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಎಂಟು ದಿನಕ್ಕೆ ಹದಿನಾಲ್ಕು ಜಾಗ ಇವೆ. ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ? ಹೋಗಿ ಬಂದವರು ಹೇಳಿ. ನಾವು ಸಸ್ಯಾಹಾರಿಗಳು.

ಧಾರವಾಡ, ಸಪ್ತಾಪುರದಿಂದ:

ತಂಗಿ, ಮೊದಲು ಆ ಹದಿನಾಲ್ಕರ ಪಟ್ಟಿಯನ್ನು ಬದಿಗಿಡಿ. ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ನಾವೂ ಹಾಗೇ ಓಡಾಡಿದೆವು. ಆ ಸಲದ್ದು ಈಗ ನೆನಪಿರುವುದು ವ್ಯಾನಿನ ಕಿಟಕಿ ಮಾತ್ರ. ನಕ್ಷೆಯಲ್ಲಿ ದೇಶ ಸಣ್ಣದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 430 ಕಿಲೋಮೀಟರ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋದಷ್ಟೇ ಅನ್ನಿ. ಆದರೆ ಗುಡ್ಡದ ರಸ್ತೆಯಲ್ಲಿ ತಾಸಿಗೆ 30 ಕಿಲೋಮೀಟರ್ ಸಾಗಿದರೆ ಪುಣ್ಯ.

ನಾನು ಭೂಗೋಳ ಕಲಿಸಿದವನು. ಹಾಗಾಗಿ ಎರಡನೆಯ ಸಲ ಊರುಗಳ ಹಿಂದೆ ಹೋಗಲಿಲ್ಲ, ಒಂದು ನೀರಿನ ಹಿಂದೆ ಹೋದೆ. ನಿಮಗೂ ಅದನ್ನೇ ಹೇಳುತ್ತೇನೆ. ವಲವೆ ಅಂತ ಒಂದು ನದಿ. ಅದಕ್ಕೆ ನೀರು ಬರುವುದು ಹಾರ್ಟನ್ ಪ್ಲೇನ್ಸ್ ಎಂಬ ಎತ್ತರದ ಬಯಲಿನಿಂದ. ಅಲ್ಲಿಂದ ಇಳಿದು ಇಳಿದು ಬಿಸಿಲುನಾಡಿನ ಉಡವಲವೆ ಜಲಾಶಯದಲ್ಲಿ ನಿಲ್ಲುತ್ತದೆ. ಮೇಲೆ ಸ್ವೆಟರ್ ಹಾಕಿಕೊಂಡು ನೋಡಿದ ನೀರನ್ನು ಮೂರು ದಿನ ಬಿಟ್ಟು ಕೆಳಗೆ ಆನೆ ಕುಡಿಯುವುದನ್ನು ನೋಡಬಹುದು. ಇದಕ್ಕಿಂತ ಚೆಂದದ ದಾರಿ ನನಗಂತೂ ಆ ದೇಶದಲ್ಲಿ ಸಿಗಲಿಲ್ಲ.

ಹಾರ್ಟನ್ ಪ್ಲೇನ್ಸ್ ಸಮುದ್ರಮಟ್ಟದಿಂದ 2,100 ಮೀಟರಿಗೂ ಮೇಲಿದೆ. ಉಷ್ಣವಲಯದ ದೇಶ ಅಂದರೆ ತೆಂಗು, ಬೆವರು ಅಂದುಕೊಂಡು ಹೋದವರಿಗೆ ಇಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಫೆಬ್ರುವರಿಯಲ್ಲಿ ಕೆಲವು ಮುಂಜಾನೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿರುತ್ತದೆ. ಹುಲ್ಲುಗಾವಲು, ನಡುನಡುವೆ ಕುಳ್ಳ ಮರಗಳ ಕಾಡು. ಕುದುರೆಮುಖದ ಶೋಲಾ ನೋಡಿದ್ದರೆ ತಕ್ಷಣ ಗುರುತು ಸಿಗುತ್ತದೆ. ಮರಗಳ ಮೈತುಂಬ ಪಾಚಿ. ಮಂಜು ಎಲೆಗೆ ತಾಗಿ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಮಳೆ ಇಲ್ಲದ ದಿನವೂ ಕಾಡಿನ ನೆಲ ಒದ್ದೆ. ಮಹಾವೇಲಿ, ಕೆಲನಿ, ವಲವೆ, ಮೂರೂ ದೊಡ್ಡ ನದಿಗಳಿಗೆ ಇಲ್ಲಿಂದಲೇ ನೀರು ಹೋಗುತ್ತದೆ. ನಮ್ಮ ಕಪ್ಪತಗುಡ್ಡದ ಮೇಲೆ ಒಂದು ಮೋಡಕ್ಕಾಗಿ ಕಾಯುವ ನಮಗೆ ಅಲ್ಲಿ ನಿಂತಾಗ ಏನೋ ಒಂಥರ ಆಗುತ್ತದೆ. ನಾನು ಒಂದು ಮರಕ್ಕೆ ಕೈ ಒತ್ತಿದೆ, ಅಂಗೈ ನೀರಾಯಿತು.

‘ವರ್ಲ್ಡ್ಸ್ ಎಂಡ್’ ಎಂಬ ಪ್ರಪಾತ ಇರುವುದು ಅಲ್ಲೇ. ನೆಲ ಒಮ್ಮೆಲೇ ಸುಮಾರು 870 ಮೀಟರ್ ಕೆಳಗೆ ಬೀಳುತ್ತದೆ. ಅಂಚಿಗೆ ಹೋಗಿ ಫೋಟೋ ತೆಗೆಯಬೇಡಿ, ಕಲ್ಲು ಜಾರುತ್ತದೆ. ಸುತ್ತು ಹಾದಿ ಒಟ್ಟು 9 ಕಿಲೋಮೀಟರ್, ಮೂರರಿಂದ ನಾಲ್ಕು ತಾಸು. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಹೋಗಬೇಕು. ಬಿಸಿಲೇರಿದ ಮೇಲೆ ಕೆಳಗಿನ ಕಣಿವೆಯ ಬಿಸಿಗಾಳಿ ಮೇಲೇರಿ, ತಣ್ಣಗಾಗಿ, ಮಂಜಾಗಿ ಮುಚ್ಚಿಬಿಡುತ್ತದೆ. ಒಂಬತ್ತು, ಹತ್ತು ಗಂಟೆಗೆ ಅಲ್ಲಿಗೆ ಬಂದವರು ಬಿಳಿ ಗೋಡೆ ನೋಡಿ ವಾಪಸ್ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹತ್ತಿರದ ಗುಡ್ಡದ ಊರು ನುವರ ಎಲಿಯದಲ್ಲಿ ಉಳಿದು ನಸುಕಿನ ಐದಕ್ಕೆ ಮೊದಲೇ ಹೊರಡಿ.

ಅವ್ವಾರಿಗೆ ಈ ಹಾದಿ ಬೇಡ. ಕಲ್ಲು, ಬೇರು, ಏರಿಳಿತ ಜಾಸ್ತಿ. ಆದರೆ ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಪಟ್ಟಿಪೊಲ ಕಡೆಯ ಗೇಟಿನಿಂದ ನಡಿಗೆ ಶುರುವಾಗುವ ಫಾರ್ ಇನ್ ತನಕ ಡಾಂಬರು ರಸ್ತೆ ಹುಲ್ಲುಗಾವಲಿನ ನಡುವೆಯೇ ಹೋಗುತ್ತದೆ. ಕಡವೆಗಳು ರಸ್ತೆ ಬದಿಗೇ ನಿಂತಿರುತ್ತವೆ. ಅಷ್ಟು ನೋಡಿದರೂ ಸಾಕು. ನೀವು ಅಕ್ಕತಂಗಿಯರು ಪಾಳಿ ಹಾಕಿಕೊಂಡು ನಡೆಯಿರಿ. ಒಳಗೆ ಹೋಗುವಾಗ ಚೀಲ ತಪಾಸಣೆ ಇರುತ್ತದೆ, ಪ್ಲಾಸ್ಟಿಕ್ ಹಾಳೆ, ಕವರು ಬಿಡಿಸಿಬಿಡುತ್ತಾರೆ. ಊಟವನ್ನು ಡಬ್ಬಿಯಲ್ಲೇ ಒಯ್ಯಿರಿ. ಕಡವೆಗೆ ಏನೂ ತಿನ್ನಿಸಬೇಡಿ.

ಅಲ್ಲಿಂದ ಎಲ್ಲಕ್ಕೆ ರೈಲಿನಲ್ಲಿ ಹೋಗಿ. ಎಲ್ಲ ಅನ್ನುವುದು ಊರಿನ ಹೆಸರು. ನುವರ ಎಲಿಯಕ್ಕೆ ಹತ್ತಿರದ ‘ನಾನು ಓಯ’ ಎಂಬ ನಿಲ್ದಾಣದಿಂದ ಸುಮಾರು ಮೂರು ತಾಸು. ಪಟ್ಟಿಪೊಲ ಆ ದೇಶದ ಅತಿ ಎತ್ತರದ ರೈಲು ನಿಲ್ದಾಣ, ಸುಮಾರು 1,890 ಮೀಟರ್. ಅದಾದ ಮೇಲೆ ಒಂದು ಸುರಂಗ ಬರುತ್ತದೆ. ಆಗ ಮಾತು ನಿಲ್ಲಿಸಿ ಹೊರಗೆ ನೋಡಿ. ಸುರಂಗದ ಈಚೆ ಮಂಜು, ತೇವ. ಆಚೆ ಹೊರಬಿದ್ದರೆ ಒಮ್ಮೊಮ್ಮೆ ನಿಚ್ಚಳ ಬಿಸಿಲು, ಕೆಳಗೆ ಊವ ಸೀಮೆಯ ಗುಡ್ಡಗಳ ಸಾಲು. ಒಂದು ಬೆಟ್ಟ ಎರಡು ಹವಾಮಾನವನ್ನು ಹೇಗೆ ಬೇರೆ ಮಾಡುತ್ತದೆ ಅಂತ ಮೂವತ್ತು ವರ್ಷ ಹಲಗೆಯ ಮೇಲೆ ಗೆರೆ ಎಳೆದು ಕಲಿಸಿದ್ದೆ. ಕಣ್ಣಾರೆ ನೋಡಿದ್ದು ಆ ದಿನ. ಕಾಯ್ದಿರಿಸಿದ ಸೀಟು ಬೇಗ ಮುಗಿಯುತ್ತದೆ. ಮಳೆಗೆ ಗುಡ್ಡ ಕುಸಿದರೆ ಈ ಮಾರ್ಗ ನಿಂತೂ ಹೋಗುತ್ತದೆ. ಓಡುತ್ತಿದೆಯೋ ಇಲ್ಲವೋ ವಿಚಾರಿಸಿಕೊಂಡೇ ಹೊರಡಿ.

ಎಲ್ಲದಲ್ಲಿ ಒಂದು ದಿನ ಸಾಕು. 1921ರ ಒಂಬತ್ತು ಕಮಾನಿನ ಸೇತುವೆ, ಸುತ್ತ ಚಹಾ ತೋಟ. ಆಮೇಲೆ ಸೀದಾ ಉಡವಲವೆ.

ಹುಬ್ಬಳ್ಳಿ, ವಿದ್ಯಾನಗರದಿಂದ:

ಸರ್ ಹೇಳಿದ್ದು ಸರಿ ಇದೆ. ಉಡವಲವೆ ಬಗ್ಗೆ ನಾನು ಸೇರಿಸುತ್ತೇನೆ. ನಾವು ಹೋದಾಗ ನನ್ನ ಅತ್ತೆಯೂ ಜೊತೆಗಿದ್ದರು. ಅವರಿಗೆ ಇಡೀ ಪ್ರವಾಸದಲ್ಲಿ ಅದೇ ಹೆಚ್ಚು ಹಿಡಿಸಿತು. ಜೀಪಿನಲ್ಲಿ ಕೂತೇ ಎಲ್ಲ ಕಾಣುತ್ತದೆ. ಬಯಲು ಕುರುಚಲು ಕಾಡು, ಆನೆ ಮರೆಯಾಗುವುದಿಲ್ಲ, ವರ್ಷವಿಡೀ ಇರುತ್ತವೆ. ಜಲಾಶಯದಲ್ಲಿ ಮುಳುಗಿ ಒಣಗಿದ ಮರಗಳು ಹಾಗೇ ನಿಂತಿವೆ, ಒಂದೊಂದರ ಮೇಲೆ ಹದ್ದೋ ನೀರುಕಾಗೆಯೋ ಕೂತಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಮೊಣಕಾಲು ನೋವಿದ್ದವರಿಗೆ ಜೀಪಿನ ಮೆಟ್ಟಿಲು ಎತ್ತರ. ನಾವು ಒಂದು ಸಣ್ಣ ಸ್ಟೂಲ್ ಕೇಳಿ ಇಸಿದುಕೊಂಡೆವು. ಕುಳಿತುಕೊಳ್ಳಲು ಮುಂದಿನ ಸೀಟೇ ಕೇಳಿ, ಹಿಂದೆ ಭಾಳ ಎತ್ತಿಹಾಕುತ್ತದೆ.

ಅಲ್ಲೇ ಪಕ್ಕದಲ್ಲಿ ತಾಯಿ ಕಳಕೊಂಡ ಆನೆಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಸರ್ಕಾರದ ಕೇಂದ್ರ ಇದೆ. ಹಾಲು ಕುಡಿಸುವ ಹೊತ್ತಿಗೆ ದೂರದಿಂದ ನೋಡಲು ಬಿಡುತ್ತಾರೆ. ಮುಟ್ಟಲು ಬಿಡುವುದಿಲ್ಲ, ಅದಕ್ಕೇ ಅದು ಒಳ್ಳೆಯ ಜಾಗ. ಆನೆ ಮೇಲೆ ಕೂರಿಸುತ್ತೇವೆ, ಸ್ನಾನ ಮಾಡಿಸಿ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಇನ್ನು ತಿಮಿಂಗಿಲ. ಮಿರಿಸ್ಸದ ಕಡಲಿನಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ನೀಲಿ ತಿಮಿಂಗಿಲ ಕಾಣುತ್ತವೆ. ನಾವು ಹೋದ ದೋಣಿಯವರು ಒಂದು ತಿಮಿಂಗಿಲದ ತೀರಾ ಹತ್ತಿರಕ್ಕೆ ನುಗ್ಗಿಸಿದರು. ಇನ್ನೂ ನಾಲ್ಕು ದೋಣಿ ಸುತ್ತುವರಿದವು. ಅದು ಒಂದೇ ಉಸಿರಿಗೆ ಮುಳುಗಿ ಹೋಯಿತು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಜೊತೆಗೆ ಅತ್ತೆಗೆ ನಾಲ್ಕು ತಾಸು ವಾಂತಿ. ಅವ್ವನ ಜೊತೆ ಇದು ಬೇಡವೇ ಬೇಡ. ನೀವಿಬ್ಬರೇ ಹೋಗುವುದಾದರೆ, ದೂರ ನಿಂತು ಎಂಜಿನ್ ನಿಲ್ಲಿಸುತ್ತೀರಾ ಅಂತ ಮೊದಲೇ ಕೇಳಿ ಹತ್ತಿ.

ಹಾವೇರಿ ಜಿಲ್ಲೆ, ಹಿರೇಕೆರೂರಿನಿಂದ:

ನನ್ನ ಮಾತು ಸ್ವಲ್ಪ ಬೇರೆ. ಅಕ್ಕಾರೆ, ನಿಮ್ಮ ತಾಯಿಗೆ ಸಪಾಟು ದಾರಿ ಬೇಕು ಅಂದಿರಿ. ಹಾಗಾದರೆ ಕೆರೆ ಏರಿಗಿಂತ ಒಳ್ಳೆಯ ದಾರಿ ಯಾವುದಿದೆ? ಶ್ರೀಲಂಕಾದ ನಡುಭಾಗದಲ್ಲಿ, ಪೊಲೊನ್ನರುವ, ಮಿನ್ನೇರಿಯ ಕಡೆ, ಕೆರೆಗಳೇ ನೋಡುವಂಥವು. ಸಿಂಹಳದಲ್ಲಿ ಕೆರೆಗೆ ವೆವ ಅನ್ನುತ್ತಾರೆ. ಮಿನ್ನೇರಿಯ ವೆವ ಕಟ್ಟಿಸಿದ್ದು ಮಹಾಸೇನ ರಾಜ, ಸುಮಾರು 1,700 ವರ್ಷದ ಹಿಂದೆ. ಪೊಲೊನ್ನರುವದ ಪರಾಕ್ರಮ ಸಮುದ್ರ 12ನೇ ಶತಮಾನದ್ದು. ಹೆಸರಿಗೆ ತಕ್ಕ ಹಾಗೆ ಅದು ಸಮುದ್ರವೇ, ಆಚೆ ದಡದ ಮರಗಳು ಒಂದು ಗೆರೆಯಷ್ಟೇ.

ನಾನು ಮದಗ ಮಾಸೂರು ಕೆರೆ ನೋಡುತ್ತಲೇ ಬೆಳೆದವನು. ಅಲ್ಲಿ ಏರಿ ಮೇಲೆ ನಿಂತಾಗ ನಮ್ಮೂರಲ್ಲೇ ಇದ್ದೇನೆ ಅನ್ನಿಸಿತು. ನಮ್ಮ ತೂಬಿನ ಹಾಗೆಯೇ ಅವರೂ ನೀರಿನ ರಭಸ ತಡೆದು ಹೊರಬಿಡಲು ಏರಿಯಲ್ಲಿ ಚೌಕನೆಯ ಬಾವಿ ಕಟ್ಟಿದ್ದಾರೆ, ಬಿಸೊಕೊಟುವ ಅನ್ನುತ್ತಾರೆ. ಇದು ಮನುಷ್ಯ ಕಟ್ಟಿದ್ದು, ಪ್ರಕೃತಿ ಹೇಗಾಯಿತು ಅಂತ ಕೇಳಬಹುದು. ಸಾವಿರ ವರ್ಷ ನೀರು ನಿಂತ ಮೇಲೆ ಅಲ್ಲಿನ ಹಕ್ಕಿಗೆ, ಆನೆಗೆ ಅದೇ ಪ್ರಕೃತಿ ಅಲ್ವಾ?

ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಮಿನ್ನೇರಿಯದಲ್ಲಿ ನೂರಾರು ಆನೆ ಸೇರುತ್ತವೆ ಅಂತ ಪಟ್ಟಿಯಲ್ಲಿ ಬರೆದಿದ್ದರೆ ಅದು ಆಗಸ್ಟ್, ಸೆಪ್ಟೆಂಬರಿನ ಮಾತು. ಆಗ ಕೆರೆ ಬತ್ತಿ, ಅಂಗಳದಲ್ಲಿ ಎಳೆ ಹುಲ್ಲು ಏಳುತ್ತದೆ, ಆನೆ ಬರುತ್ತವೆ. ಫೆಬ್ರುವರಿಯಲ್ಲಿ ಹಿಂಗಾರು ಮಳೆ ಆಗಷ್ಟೇ ಮುಗಿದು ಕೆರೆ ತುಂಬಿರುತ್ತದೆ. ಆನೆ ಹಿಂಡು ಕಾಣದೆ ಬೇಜಾರಾಗಬೇಡಿ. ತುಂಬಿದ ಕೆರೆ, ಬಲಿತ ಭತ್ತ, ಸಂಜೆ ಬೆಳ್ಳಕ್ಕಿ, ಇಷ್ಟು ಸಿಗುತ್ತದೆ.

ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ತಾಯಿಗೆ ಆಗುವುದಿಲ್ಲ. ದೂರದ ಕೆರೆ ದಂಡೆಯಿಂದ ಬಂಡೆ ನೋಡಿದರೆ ಇನ್ನೂ ಚೆಂದ.

ಲಕ್ಷ್ಮೇಶ್ವರದಿಂದ:

ನಾನು ಹಕ್ಕಿ ನೋಡುವವನು. ಚಳಿಗಾಲ ಬಂತೆಂದರೆ ಮಾಗಡಿ ಕೆರೆ ದಂಡೆಯಲ್ಲಿ ಪಟ್ಟೆ ತಲೆಯ ಬಾತುಗಳ ಜೊತೆಗೇ ಇರುತ್ತೇನೆ. ಶ್ರೀಲಂಕಾಕ್ಕೆ ಹೋಗಿದ್ದು ಸಿಂಹರಾಜ ಕಾಡಿಗಾಗಿ. 1988ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮಳೆಕಾಡು ಅದು. ಅಲ್ಲಿಯ ಮರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ.

ಮೊದಲ ಅರ್ಧ ತಾಸು ಒಂದು ಹಕ್ಕಿಯೂ ಕಾಣಲಿಲ್ಲ. ಬರೀ ಜೀರುಂಡೆ ಸದ್ದು. ಗೈಡ್ ಕೈ ಎತ್ತಿ ನಿಲ್ಲಿಸಿದ. ಎಲ್ಲಿಂದಲೋ ಹರಟೆಮಲ್ಲಗಳ ಗಲಾಟೆ ಕೇಳಿತು. ಅದರ ಹಿಂದೆ ಕಾಜಾಣ, ಅದರ ಹಿಂದೆ ನೀಲಿ, ಕೆಂಪು, ಹಳದಿ, ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಜಾತ್ರೆಯಾಗಿ ನಮ್ಮ ತಲೆ ಮೇಲಿಂದ ದಾಟಿದವು. ಹರಟೆಮಲ್ಲಗಳು ಹುಳ ಎಬ್ಬಿಸುತ್ತವೆ, ಕಾಜಾಣ ಅಪಾಯ ಕಂಡರೆ ಕೂಗುತ್ತದೆ, ಉಳಿದವು ಜೊತೆಗೆ ತಿನ್ನುತ್ತವೆ. ಹತ್ತೇ ನಿಮಿಷ, ಮತ್ತೆ ಕಾಡು ಗಪ್‌ಚಿಪ್.

ಆದರೆ ಜಿಗಣೆ ಬಹಳ. ನೆಲ ಜಾರುತ್ತದೆ. ಮೊಣಕಾಲು ನೋವಿನವರಿಗೆ ಕಷ್ಟ. ನನಗೆ ಪ್ರೀತಿಯ ಜಾಗವಾದರೂ ಈ ಸಲ ಬಿಡಿ ಅಂತಲೇ ಹೇಳುತ್ತೇನೆ. ಮುಂದೆ ನೀವು ಅಕ್ಕತಂಗಿ ಇಬ್ಬರೇ ಹೋದಾಗ ಎರಡು ರಾತ್ರಿ ಅಲ್ಲಿಗೇ ಇಡಿ.

ಬೆಟಗೇರಿಯಿಂದ ಮತ್ತೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೆರೆ ಏರಿ ಅಂದಕೂಡಲೇ ‘ಅಲ್ಲಿಗೆ ಹೋಗೋಣ’ ಅಂದಳು. ಸರ್, ಗುಡ್ಡ ಮತ್ತು ಕೆರೆ ಎರಡೂ ಎಂಟು ದಿನದಲ್ಲಿ ಕೂಡುತ್ತವೆಯೇ? ಊಟದ ಬಗ್ಗೆಯೂ ಯಾರಾದರೂ ಹೇಳಿ.

ಸಪ್ತಾಪುರದಿಂದ:

ಕೂಡುತ್ತವೆ ತಂಗಿ, ಕಡಲು ಬಿಟ್ಟರೆ. ಕೊಲಂಬೊದಲ್ಲಿ ನಿಲ್ಲದೆ ನೇರ ಪೊಲೊನ್ನರುವ ಕಡೆ ಹೋಗಿ ಎರಡು ರಾತ್ರಿ. ಅಲ್ಲಿಂದ ನುವರ ಎಲಿಯಕ್ಕೆ ಪೂರ್ತಿ ಒಂದು ದಿನದ ದಾರಿ ಅಂತ ಇಟ್ಟುಕೊಳ್ಳಿ, ಅಲ್ಲಿ ಎರಡು ರಾತ್ರಿ. ರೈಲಿನಲ್ಲಿ ಎಲ್ಲ ಊರಿಗೆ, ಅಲ್ಲಿ ಒಂದು ರಾತ್ರಿ. ಉಡವಲವೆ ಒಂದು ರಾತ್ರಿ. ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ. ನಾಲ್ಕೇ ಜಾಗ, ಇನ್ನೊಂದು ಸೇರಿಸಬೇಡಿ. ಹಾವೇರಿಯವರು ಹೇಳಿದ ಕೆರೆಗಳನ್ನು ನಾನು ಅವಸರದಲ್ಲಿ ದಾಟಿ ಬಂದವನು, ಅವರ ಮಾತು ನನಗೂ ಹೊಸದು. ಹುಣ್ಣಿಮೆ ದಿನ ಅಲ್ಲಿ ರಜೆ, ಪೋಯ ಅನ್ನುತ್ತಾರೆ. ಬಸ್ಸು, ರೈಲು ತುಂಬಿರುತ್ತವೆ. ತಿಂಗಳ ಪಂಚಾಂಗ ನೋಡಿ ದಿನ ಹಿಡಿಯಿರಿ. ಪ್ರವೇಶ ಅನುಮತಿಯ ನಿಯಮವನ್ನು ಅಲ್ಲಿಯ ಸರ್ಕಾರದ ಜಾಲತಾಣದಲ್ಲೇ ನೋಡಿ, ಏಜೆಂಟರ ಮಾತು ಕೇಳಬೇಡಿ.

ವಿದ್ಯಾನಗರದಿಂದ:

ಊಟದ್ದು ನಾನು ಹೇಳುತ್ತೇನೆ. ಅನ್ನ, ಬೇಳೆ, ಹಲಸಿನ ಪಲ್ಯ, ಶಾವಿಗೆಯಂಥ ಇಡಿಯಪ್ಪ, ತೆಂಗಿನ ಹಾಲಿನ ಸಾರು, ಎಲ್ಲಾ ಕಡೆ ಸಿಗುತ್ತದೆ. ಆದರೆ ಅಲ್ಲಿ ತರಕಾರಿ ಪಲ್ಯಕ್ಕೂ ಕೊಬ್ಬರಿ ಚಟ್ನಿಗೂ ಒಣಮೀನಿನ ಪುಡಿ ಹಾಕುತ್ತಾರೆ, ಉಂಬಲಕಡ ಅಂತ. ಅವರ ಮಟ್ಟಿಗೆ ಅದು ಮಸಾಲೆ ಇದ್ದ ಹಾಗೆ, ಕೇಳದೆ ಹೇಳುವುದಿಲ್ಲ. ತಟ್ಟೆ ಬರುವ ಮೊದಲೇ ‘ಉಂಬಲಕಡ ಎಪಾ’ ಅನ್ನಿ, ಅದು ಬೇಡ ಅಂತ ಅರ್ಥ. ತಮಿಳರ ‘ಸೈವಂ’ ಹೋಟೆಲು ಕಂಡರೆ ಚಿಂತೆಯಿಲ್ಲ. ಹಾರ್ಟನ್ ಪ್ಲೇನ್ಸ್ ದಿನಕ್ಕೆ ಮಾತ್ರ ಮನೆಯಿಂದಲೇ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಅಷ್ಟು ನಸುಕಿನಲ್ಲಿ ಅಲ್ಲಿ ಏನೂ ತೆರೆದಿರುವುದಿಲ್ಲ. ಅವ್ವನಿಗೆ ಉಣ್ಣೆಯ ಕಾಲುಚೀಲ ಮರೆಯಬೇಡಿ.