ಎಂಟನೇ ತರಗತಿಗೆ ಶಿಲಾಯುಗ: ಕೈಯಲ್ಲಿ ಮಾಡಿಸುವಂಥದ್ದು ಏನಿದೆ?

ಕೇಳಿದವರು: ಸಮಾಜ ವಿಜ್ಞಾನ ಶಿಕ್ಷಕಿ, ಬಳ್ಳಾರಿ ಕಡೆ
38 ಮಕ್ಕಳು, ಆರು ಪೀರಿಯಡ್. ಹಳೆ ಶಿಲಾಯುಗ, ನವಶಿಲಾಯುಗ ಅಂತ ಹೆಸರುಗಳನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಚಿತ್ರ ಬರೆಯಿರಿ ಅಂದರೆ ಡೈನೋಸಾರ್ ಬೇಟೆಯಾಡುವ ಮನುಷ್ಯನನ್ನು ಬರೆದು ತರುತ್ತಾರೆ. ಖರ್ಚು ಐನೂರು ರೂಪಾಯಿ ದಾಟಬಾರದು. ಮಾಡಿಸಿ ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಉತ್ತರ 1
ಡೈನೋಸಾರ್ ಸಮಸ್ಯೆಗೆ ಮಾತಿನ ಮದ್ದಿಲ್ಲ ಮೇಡಂ, ಟೇಪು ಹಿಡಿದು ಮೈದಾನಕ್ಕೆ ಇಳಿಯಬೇಕು. ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಇವತ್ತು ಅನ್ನುವಲ್ಲಿ ಒಂದು ಗೂಟ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ 66 ಮೀಟರ್ ಆಚೆ ಇನ್ನೊಂದು ಗೂಟ. ಒಬ್ಬ ಹುಡುಗನನ್ನು ಅಲ್ಲಿ ನಿಲ್ಲಿಸಿ.

ಆಮೇಲೆ ತರಗತಿಗೆ ಬಂದು ನಾಲ್ಕು ಮೀಟರ್ ಉದ್ದದ ಕಾಗದದ ಪಟ್ಟಿ ಅಂಟಿಸಿ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳು 33 ಲಕ್ಷ ವರ್ಷ ಹಳೆಯವು: 3.3 ಮೀಟರ್. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ: 1.2 ಮೀಟರ್. ನಮ್ಮದೇ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಬರುವುದು 30 ಸೆಂಟಿಮೀಟರ್‌ನಲ್ಲಿ. ಬಳ್ಳಾರಿ ಸೀಮೆಯ ಮೊದಲ ದನಗಾಹಿಗಳು 5 ಮಿಲಿಮೀಟರ್, ಮಸ್ಕಿಯ ಅಶೋಕನ ಶಾಸನ ಎರಡೂಕಾಲು. ವಿಜಯನಗರ ಒಂದು ಮಿಲಿಮೀಟರೂ ಇಲ್ಲ, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಗಿದುಹೋಗುತ್ತದೆ.

ತಪ್ಪುವುದು ಎರಡು ಕಡೆ. ಇಂಗ್ಲಿಷ್ ಪುಟದಲ್ಲಿ 1.2 ಮಿಲಿಯನ್ ಅಂತ ಇದ್ದರೆ ಮಕ್ಕಳು 1.2 ಲಕ್ಷ ಅಂತ ಬರೆಯುತ್ತಾರೆ. ಮಿಲಿಯನ್ ಅಂದರೆ ಹತ್ತು ಲಕ್ಷ ಎಂದು ಮೊದಲೇ ಬೋರ್ಡಿನ ಮೇಲೆ ಬರೆದಿಡಿ. ಇನ್ನು, ಕ್ರಿ.ಪೂ. 3000 ಅಂದರೆ 3000 ವರ್ಷ ಹಿಂದೆ ಅಂದುಕೊಳ್ಳುತ್ತಾರೆ. ಅದಕ್ಕೆ 2000 ಕೂಡಿಸಬೇಕು. ಅಳೆಯಲು ನೈಲಾನ್ ಹಗ್ಗ ಬೇಡ, ಎಳೆದರೆ ಹಿಗ್ಗುತ್ತದೆ.

ಉತ್ತರ 2
ಎರಡು ಪೀರಿಯಡ್ ಉತ್ಖನನಕ್ಕೆ ಇಡಿ. ಮಾರುಕಟ್ಟೆಯಿಂದ ಆರು ಟೊಮೆಟೊ ಕ್ರೇಟು ಎರವಲು ತಂದರೆ, ಒಂದಕ್ಕೆ ಆರೇಳು ಮಕ್ಕಳು. ಒಳಗೆ ಗೋಣಿಚೀಲ ಹಾಸಿ ಕೆಳಗಿನಿಂದ ತುಂಬುತ್ತ ಬನ್ನಿ: 5 ಸೆಂಟಿಮೀಟರ್ ಗರಸು, ಇದರಲ್ಲಿ ಏನೂ ಇರಬಾರದು. ಮೇಲೆ 4 ಸೆಂಟಿಮೀಟರ್ ಕೆಂಪು ಮಣ್ಣು, ಅದರಲ್ಲಿ ಕಲ್ಲಿನ ಚಕ್ಕೆ, ಮೂಳೆ. ನಂತರ 2 ಸೆಂಟಿಮೀಟರ್ ಬೂದಿ, ಹೆಂಚಿನ ಮೇಲೆ ಕರಕಲಾಗುವಷ್ಟು ಹುರಿದ ಹುರುಳಿ ಒಂದು ಹಿಡಿ. ಅದರ ಮೇಲೆ 4 ಸೆಂಟಿಮೀಟರ್ ಕಪ್ಪು ಮಣ್ಣು, ಒಡೆದ ಮಡಕೆ ಚೂರು, ತುಕ್ಕು ಹಿಡಿದ ಮೊಳೆ. ಕೊನೆಗೆ 2 ಸೆಂಟಿಮೀಟರ್ ಸಾದಾ ಮಣ್ಣಿನಲ್ಲಿ ಬಾಟಲಿ ಮುಚ್ಚಳ, ಒಂದು ನಾಣ್ಯ.

ಮಣ್ಣನ್ನು ಜರಡಿ ಹಿಡಿದು, ಒಂದೊಂದು ಪದರಕ್ಕೂ ಕೈಯಲ್ಲಿ ನೀರು ಚಿಮುಕಿಸಿ ಒತ್ತಿ, ಎರಡು ದಿನ ಬಿಡಿ. ನೀರು ಹೆಚ್ಚಾದರೆ ಕೆಂಪು ಮಣ್ಣು ಇಟ್ಟಿಗೆಯಾಗುತ್ತದೆ, ಕಪ್ಪು ಮಣ್ಣು ಬಿರುಕು ಬಿಟ್ಟು ಮೇಲಿನದೆಲ್ಲ ಕೆಳಗೆ ಸುರಿಯುತ್ತದೆ. ಕಪ್ಪು ಮಣ್ಣಿಗೆ ಅರ್ಧಕ್ಕರ್ಧ ಮರಳು ಬೆರೆಸಿದರೆ ಆ ತೊಂದರೆಯಿಲ್ಲ. ನೀರೇ ಹಾಕದಿದ್ದರೆ ಚಮಚ ತಾಗಿದ ಕೂಡಲೇ ಪದರಗಳು ಜರಿದು ಒಂದಾಗುತ್ತವೆ. ಮೂಳೆಯನ್ನು ಕುದಿಸಿ ನಾಲ್ಕು ದಿನ ಬಿಸಿಲಿಗೆ ಹಾಕಿರಬೇಕು, ಇಲ್ಲವಾದರೆ ಇರುವೆ ಮುತ್ತುತ್ತದೆ, ನಾತವೂ ಬರುತ್ತದೆ. ಮೂಳೆ ಮುಟ್ಟಿಸಿದ್ದಕ್ಕೆ ಮನೆಯವರು ಆಕ್ಷೇಪಿಸುವ ಊರುಗಳಿವೆ. ಅಲ್ಲಿ ಮೂಳೆ ಬಿಟ್ಟುಬಿಡಿ, ಪಾಠವೇನೂ ಕೆಡುವುದಿಲ್ಲ.

ಈಗ ಮುಖ್ಯವಾದ ಕುತಂತ್ರ. ಕಪ್ಪು ಮಣ್ಣು ತುಂಬಿದ ಮೇಲೆ, ಕೊನೆಯ ಪದರಕ್ಕೆ ಮುಂಚೆ, ಒಂದು ಲೋಟದಗಲದ ಗುಂಡಿ ತೋಡಿ. ಅದು ಬೂದಿಯನ್ನು ಸೀಳಿಕೊಂಡು ಕೆಂಪು ಮಣ್ಣಿನವರೆಗೂ ಇಳಿಯಬೇಕು. ತಳದಲ್ಲಿ ಒಂದು ಮೊಳೆ, ಒಂದು ಮಣಿ ಇಟ್ಟು ಕಪ್ಪು ಮಣ್ಣಿನಿಂದಲೇ ಮುಚ್ಚಿ. ಅಗೆಯುವ ಮಕ್ಕಳಿಗೆ ಕಲ್ಲಿನ ಚಕ್ಕೆಯ ಪಕ್ಕದಲ್ಲೇ ಕಬ್ಬಿಣ ಸಿಗುತ್ತದೆ. ಹಾಗಾದರೆ ಕಬ್ಬಿಣ ಅಷ್ಟು ಹಳೆಯದಾ? ಮೊಳೆಯ ಸುತ್ತ ಇದ್ದ ಮಣ್ಣಿನ ಬಣ್ಣ ಬರೆದುಕೊಂಡ ತಂಡ ಮಾತ್ರ ಇದಕ್ಕೆ ಉತ್ತರ ಹೇಳಬಲ್ಲದು. ಆಳವೊಂದೇ ಸಾಲದು, ಪದರ ನೋಡಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ಇದ್ದರೆ ಹೇಳಿ, ನಾನೂ ಕಲಿಯುತ್ತೇನೆ.

ಕ್ರೇಟಿನ ಮೇಲೆ ದಾರ ಕಟ್ಟಿ ಆರು ಚೌಕ ಮಾಡಿ. ಸಿಕ್ಕ ಪ್ರತಿ ವಸ್ತುವಿಗೂ ಚೌಕ, ಆಳ, ಮಣ್ಣಿನ ಬಣ್ಣ ಬರೆದಾದ ಮೇಲೆಯೇ ಅದನ್ನು ಎತ್ತಬೇಕು. ಚಮಚದಿಂದ ಕೆರೆಯಬೇಕೇ ಹೊರತು ತೋಡಬಾರದು. ಈ ನಿಯಮ ಸಡಿಲಿಸಿದರೆ ಹತ್ತೇ ನಿಮಿಷಕ್ಕೆ ನಿಧಿ ಬೇಟೆ ಶುರುವಾಗುತ್ತದೆ.

ಉತ್ತರ 3
ಒಂದು ಎಚ್ಚರಿಕೆ. ಕ್ರೇಟಿಗೆ ಚಕ್ಕೆ ಬೇಕೆಂದು ಮಕ್ಕಳ ಕೈಯಲ್ಲಿ ಕಲ್ಲು ಒಡೆಸಬೇಡಿ. ಚಕ್ಕೆಯ ಅಂಚು ಬ್ಲೇಡಿನಷ್ಟೇ ಹರಿತ, ಕಣ್ಣಿಗೆ ಹಾರುತ್ತದೆ. ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಕಲ್ಲು ಒಡೆಯುವ ಕ್ವಾರಿಯ ಬಳಿ ಚೂರು ಆರಿಸಿ, ಅಂಚುಗಳನ್ನು ಉಜ್ಜಿ ಮೊಂಡು ಮಾಡಿ ಹಾಕಿ.

ನವಶಿಲಾಯುಗದ ಕೊಡಲಿಗೆ ಬೇಕಾದದ್ದು ಹೇಗೂ ಉಜ್ಜುವ ಕೆಲಸವೇ. ಅಂಗೈಯಗಲದ ಕಡಪ ಕಲ್ಲಿನ ತುಂಡು, ಒರಟು ಗ್ರಾನೈಟ್, ಒಂದು ಚೊಂಬು ನೀರು, ಹಿಡಿ ಮರಳು. ನೀರು ಹಾಕುತ್ತಲೇ ಉಜ್ಜಿಸಿ, ದೂಳೇಳುವುದಿಲ್ಲ. ಕಡಪ ಮೆದು, ಒಂದು ಪೀರಿಯಡ್‌ನೊಳಗೆ ಅಂಚು ಓರೆಯಾಗತೊಡಗುತ್ತದೆ. ಬಳ್ಳಾರಿ ಪಕ್ಕದ ನವಶಿಲಾಯುಗದ ನೆಲೆ ಸಂಗನಕಲ್ಲಿನವರು ಬಳಸಿದ್ದು ಡಾಲರೈಟ್, ಅಂದರೆ ಕರಿಕಲ್ಲು. ಮೊದಲು ಚಕ್ಕೆ ತೆಗೆದು, ಕುಟ್ಟಿ ಸಮ ಮಾಡಿ, ಆಮೇಲೆ ಉಜ್ಜುತ್ತಿದ್ದರು. ಮಕ್ಕಳ ತೋಳು ನೋಯುವಾಗ ಆ ಮಾತು ಹೇಳಿ.

ಉತ್ತರ 4
ಬಳ್ಳಾರಿ ಕಡೆಯವರು ನೀವು, ಆಫ್ರಿಕಾದಿಂದ ಯಾಕೆ ಶುರು ಮಾಡಬೇಕು? ಊರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. 1863ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ ಅವರೇ. ಹೋಗುವಾಗ ಎಲ್ಲವನ್ನೂ ನೋಡಿ ಅನ್ನಬೇಡಿ. ಒಬ್ಬೊಬ್ಬರಿಗೆ ಒಂದೇ ವಸ್ತು, ಮೂರು ಪ್ರಶ್ನೆ: ಯಾವ ಕಲ್ಲು, ಎಲ್ಲಿ ಸವೆದಿದೆ, ಯಾವ ಕಡೆ ಹಿಡಿಯುತ್ತಿದ್ದರು.

ಕುಡತಿನಿಯ ಬೂದಿದಿಬ್ಬ, ಹಂಪಿ ಹತ್ತಿರದ ನಿಂಬಾಪುರದ ದಿಬ್ಬ, ನವಶಿಲಾಯುಗದ ಈ ಬೂದಿರಾಶಿಗಳು ಎರಡೂ ಒಂದು ದಿನದ ಹಾದಿ. ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಅದನ್ನು ಅಲ್ಲಗಳೆದು ಶುರು ಮಾಡಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಕಥೆಯನ್ನು ಅವರಿಂದಲೇ ಹೇಳಿಸಿ, ನಂತರ ಕೇಳಿ: ಬೂದಿ ಯಾವುದರದ್ದು ಅಂತ ಪತ್ತೆ ಮಾಡುವುದು ಹೇಗೆ? ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯಲ್ಲೇ ದನದ ಗೊರಸಿನ ಗುರುತು ಸಿಕ್ಕಿತು. ಅದು ದೊಡ್ಡಿ, ಸುಟ್ಟದ್ದು ಸೆಗಣಿ. ಕುಳ್ಳು (ಬೆರಣಿ) ಉರಿಸಿ ಬೂದಿ ತೋರಿಸಿದರೆ ಹಳ್ಳಿಯ ಮಕ್ಕಳು ತಾವೇ ಹೇಳಿಬಿಡುತ್ತಾರೆ.

ಊಟದ ಪಾಠ ಅಗ್ಗ. ಕೊರಲೆ, ಹುರುಳಿ, ಹೆಸರು, ರಾಗಿ, ಮೆಕ್ಕೆಜೋಳ, ಶೇಂಗಾ, ಒಣಮೆಣಸಿನಕಾಯಿ, ಒಂದೊಂದು ಹಿಡಿ. ನವಶಿಲಾಯುಗದ ತಟ್ಟೆಗೆ ಸಲ್ಲುವವು ಮೊದಲ ಮೂರೇ. ರಾಗಿ ಆಫ್ರಿಕಾ ಮೂಲದ್ದು, ಇಲ್ಲಿಗೆ ಬಂದದ್ದು ಆಮೇಲೆ. ಕೊನೆಯ ಮೂರು ಅಮೆರಿಕದವು, ಪೋರ್ಚುಗೀಸರಿಗಿಂತ ಮುಂಚೆ ಇಲ್ಲಿರಲಿಲ್ಲ. ಮೆಣಸಿನಕಾಯಿ ತೆಗೆದಿಡುವಾಗ ತರಗತಿಯಲ್ಲಿ ಗಲಾಟೆ ಖಂಡಿತ.

ಹೊಲದಲ್ಲೋ ಗುಡ್ಡದಲ್ಲೋ ಏನು ಕಂಡರೂ ಎತ್ತಿ ತರಿಸಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಸಾಕು. ಜಾಗ ಬಿಟ್ಟು ಬಂದ ಕಲ್ಲು ಬರೀ ಕಲ್ಲು.

ಉತ್ತರ 5
ಪದಗಳ ಬಗ್ಗೆ ಎರಡು ಮಾತು. ಸೋಲಿಗರನ್ನೋ ಜೇನುಕುರುಬರನ್ನೋ ತೋರಿಸಿ ‘ಆದಿಮಾನವ ಹೀಗಿದ್ದ’ ಅನ್ನುವುದು ಶುದ್ಧ ತಪ್ಪು, ಅವರೂ ನಮ್ಮ ಕಾಲದವರೇ. ಮಂಗ ಮನುಷ್ಯನಾಯಿತು ಅನ್ನುವ ಸಾಲು ಚಿತ್ರವನ್ನೂ ತೆಗೆದುಹಾಕಿ. ಇಬ್ಬರಿಗೂ ಪೂರ್ವಜರು ಒಂದೇ, ಕವಲು ಬೇರೆ. ಕಲ್ಲು, ತಾಮ್ರ, ಕಂಚು, ಕಬ್ಬಿಣ ಅನ್ನುವ ಮೆಟ್ಟಿಲೂ ಎಲ್ಲ ಕಡೆ ಹೊಂದುವುದಿಲ್ಲ. ನಮ್ಮ ಕಡೆ ಪ್ರತ್ಯೇಕ ಕಂಚಿನ ಯುಗ ಅಂತ ತೋರಿಸಲಾಗದು.

ಕೇಳಿದವರು
ಆರು ಕ್ರೇಟಿಗೆ ಬೂದಿ ಎಲ್ಲಿಂದ ತರಲಿ?

ಉತ್ತರ 2
ಸೌದೆ ಒಲೆಯ ಹೋಟೆಲು ಇದ್ದರೆ ಒಂದು ಬೆಳಿಗ್ಗೆಯ ಬೂದಿ ಸಾಕಾಗಬಹುದು, ಒಂದು ಕ್ರೇಟಿಗೆ ಅರ್ಧ ಬಕೆಟ್ ಲೆಕ್ಕ. ಎರಡು ದಿನ ಕಬ್ಬಿಣದ ಬಾನಿಯಲ್ಲಿ ಆರಿಸಿ, ಆಮೇಲೆ ಜರಡಿ ಹಿಡಿಯಿರಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರುತ್ತದೆ, ಪ್ಲಾಸ್ಟಿಕ್ ಕ್ರೇಟು ಕರಗೀತು. ಸಣ್ಣ ಇದ್ದಿಲು ಚೂರು ಬಂದರೆ ಬಿಸಾಡಬೇಡಿ, ಆ ಪದರಕ್ಕೇ ಹಾಕಿ. ಮೂಗಿಗೆ ಕರವಸ್ತ್ರ ಕಟ್ಟಿಸಿ, ಗಾಳಿ ಬೀಸುವ ದಿನ ಹೊರಗೆ ಕೂರಿಸಬೇಡಿ.